ನಾಯಕ ಸತ್ತರೆ ಸಂಘಟನೆಯೂ ಸಾಯುತ್ತದಾ?

ಪ್ರಶ್ನೆ: ಉಗ್ರ ಸಂಘಟನೆಯ ದೊಡ್ಡ ನಾಯಕ ಹತನಾದರೆ ಆ ಸಂಘಟನೆಯ ಕಥೆ ಅಲ್ಲಿಗೆ ಮುಗಿದ ಹಾಗೇನಾ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮಕ್ಕಳಿಗೆ ಆಂತರಿಕ ಭದ್ರತೆಯ ಪಾಠ ಮಾಡುತ್ತೇನೆ. ಟಿವಿಯಲ್ಲಿ ಒಂದು ಎನ್‌ಕೌಂಟರ್ ಸುದ್ದಿ ಬಂದರೆ ಸಾಕು, ಮರುದಿನ ಕ್ಲಾಸಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ: "ಸರ್, ಲೀಡರ್ ಹೋದ ಮ್ಯಾಲೆ ಇನ್ನೇನೈತ್ರಿ? ಮುಗೀತಲ್ರಿ?" 2025ರ ಮೇ 21ರಂದು ಛತ್ತೀಸ್‌ಗಢದ ಅಬೂಜ್‌ಮಾಡ್ ಕಾಡಿನಲ್ಲಿ ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಹತನಾದಾಗ ಕೇಳಿದರು. ನವೆಂಬರ್ 18ರಂದು ಅದೇ ಪಕ್ಷದ ಕಮಾಂಡರ್ ಮಾಡ್ವಿ ಹಿಡ್ಮಾ ಹತನಾದಾಗ ಮತ್ತೆ ಅದನ್ನೇ ಕೇಳಿದರು. ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಮ್ಮೆ ಬರೆದೇ ಬಿಡುತ್ತೇನೆ.

ಉತ್ತರ ಇಷ್ಟೇ. ಸತ್ತವನು ಎಷ್ಟು ದೊಡ್ಡವನು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಅವನು ಸಾಯುವ ಹೊತ್ತಿಗೆ ಸಂಘಟನೆ ಯಾವ ಸ್ಥಿತಿಯಲ್ಲಿತ್ತು ಅನ್ನುವುದನ್ನು ನೋಡಬೇಕು. ಹೊಸ ಹುಡುಗರು ಸೇರುತ್ತಿದ್ದರಾ, ದುಡ್ಡು ಬರುತ್ತಿತ್ತಾ, ಊರಿನ ಜನ ಅನ್ನ ಹಾಕುತ್ತಿದ್ದರಾ, ಮುಂದಿನವನು ತಯಾರಿದ್ದನಾ?

ಆದರೆ ಈ ಉತ್ತರ ಯಾರ ತಲೆಗೂ ಇಳಿಯುವುದಿಲ್ಲ. ಯಾಕೆಂದರೆ ನಮ್ಮೆಲ್ಲರ ಮನಸ್ಸಿನಲ್ಲಿ ವೀರಪ್ಪನ್ ಕೂತಿದ್ದಾನೆ. "ವೀರಪ್ಪನ್ ಸತ್ತ, ಎಲ್ಲಾ ಬಂದ್ ಆತಲ್ರಿ" ಅನ್ನುವ ಮಾತು ನನಗೆ ಬಾಯಿಪಾಠವಾಗಿದೆ. ಸರಿ, ಅದನ್ನೇ ನೋಡೋಣ. 2000ದಲ್ಲಿ ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ ಆ ಮನುಷ್ಯ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ಸತ್ತ. ಅವತ್ತು ಜೊತೆಗಿದ್ದ ಮೂವರೂ ಸತ್ತರು. ಅಲ್ಲಿಗೆ ಗ್ಯಾಂಗೇ ಉಳಿಯಲಿಲ್ಲ. ಗಂಧ, ದಂತ, ಅಪಹರಣದ ಹಣ, ಇದರ ಮೇಲೆ ನಿಂತಿದ್ದ ಗುಂಪು ಅದು. ಅವನ ಹೆಸರಿನಲ್ಲಿ ಹೊಸದಾಗಿ ಕಾಡು ಸೇರಲು ಯಾರಿಗೂ ಕಾರಣವೇ ಇರಲಿಲ್ಲ. ಒಬ್ಬ ಮನುಷ್ಯನ ಸುತ್ತ ಇದ್ದ ಗ್ಯಾಂಗಿಗೆ ಆದದ್ದು, ಸಮಿತಿ, ಸಿದ್ಧಾಂತ, ವಸೂಲಿ, ಉತ್ತರಾಧಿಕಾರಿ ಎಲ್ಲಾ ಇರುವ ಸಂಘಟನೆಗೂ ಆಗುತ್ತದೆ ಅಂದರೆ ಹೇಗೆ? ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯ ಮಾಲೀಕರು ತೀರಿಕೊಂಡರೆ ಮಗ ಗಾದಿಯ ಮೇಲೆ ಕೂಡುತ್ತಾನೆ. ಅದೇ ಲೆಕ್ಕದ ಪುಸ್ತಕ, ಅದೇ ರೈತರು, ಅದೇ ಹಮಾಲರು. ವ್ಯವಹಾರ ನಡೆಯುತ್ತದೆ.

ಇರಾಕ್ ನೋಡಿ. ಅಲ್ ಖೈದಾದ ಇರಾಕ್ ಶಾಖೆ ಕಟ್ಟಿದ ಜರ್ಕಾವಿ 2006ರ ಜೂನ್‌ನಲ್ಲಿ ಬಾಂಬ್ ದಾಳಿಗೆ ಸತ್ತ. ನಾಲ್ಕೇ ತಿಂಗಳಲ್ಲಿ ಗುಂಪು 'ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್' ಅಂತ ಹೊಸ ಹೆಸರು ಇಟ್ಟುಕೊಂಡಿತು. 2010ರ ಏಪ್ರಿಲ್‌ನಲ್ಲಿ ಅದರ ಮೇಲಿನ ಇಬ್ಬರು ನಾಯಕರು ಒಟ್ಟಿಗೇ ಸತ್ತರು. ಆಗಲೂ ಮುಗಿಯಿತು ಅಂದವರಿದ್ದರು. ಆ ಖಾಲಿ ಜಾಗಕ್ಕೆ ಬಂದವನೇ ಅಬೂಬಕರ್ ಅಲ್ ಬಗ್ದಾದಿ. 2014ರ ಜೂನ್‌ನಲ್ಲಿ ಮೊಸುಲ್‌ನಂಥ ದೊಡ್ಡ ನಗರವೇ ಅವನ ಕೈಗೆ ಬಂತು. ಮೂವರು ನಾಯಕರು ಸತ್ತ ಮೇಲೆ ಸಂಘಟನೆ ಮೊದಲಿಗಿಂತ ದೊಡ್ಡದಾಯಿತು. ಪಕ್ಕದ ಸಿರಿಯಾದಲ್ಲಿ ಯುದ್ಧ, ಇರಾಕಿನ ಸುನ್ನಿಗಳಿಗೆ ತಮ್ಮದೇ ಸರ್ಕಾರದ ಮೇಲೆ ಸಿಟ್ಟು. ಅದು ಇರುವವರೆಗೆ ನಾಯಕರು ಹುಟ್ಟುತ್ತಲೇ ಇದ್ದರು.

ಮುಂದಿನವನು ಹಿಂದಿನವನಿಗಿಂತ ಕ್ರೂರಿಯಾಗಿರಬಹುದು. ಬೊಕೊ ಹರಾಮ್ ಕಟ್ಟಿದ ಮೊಹಮ್ಮದ್ ಯೂಸುಫ್ 2009ರಲ್ಲಿ ನೈಜೀರಿಯಾ ಪೊಲೀಸರ ವಶದಲ್ಲೇ ಸತ್ತ. ನಂತರ ಬಂದ ಶೆಕಾವು ಕಾಲದಲ್ಲಿ, 2014ರಲ್ಲಿ, ಚಿಬೋಕ್ ಶಾಲೆಯಿಂದ 276 ಹೆಣ್ಣುಮಕ್ಕಳನ್ನು ಹೊತ್ತೊಯ್ದರು.

ಇಷ್ಟು ಹೇಳಿದ ಮೇಲೆ ಹಿಂದಿನ ಬೆಂಚಿನಿಂದ ಎಲ್‌ಟಿಟಿಇ ಬರುತ್ತದೆ. ಪ್ರಭಾಕರನ್ ಸತ್ತದ್ದಕ್ಕೇ ಅಲ್ವಾ ಅದು ಮುಗಿದದ್ದು? ಇಸವಿಗಳನ್ನು ಸಾಲಾಗಿ ಬರೆದು ನೋಡಿ. 2004ರಲ್ಲಿ ಪೂರ್ವ ಭಾಗದ ಕಮಾಂಡರ್ ಕರುಣಾ ತನ್ನ ಪಡೆಯ ಸಮೇತ ಒಡೆದು ಹೋದ. 2007ರಲ್ಲಿ ಪೂರ್ವ ಪ್ರಾಂತ್ಯ ಕೈತಪ್ಪಿತು. 2009ರ ಜನವರಿಯಲ್ಲಿ ಕಿಲಿನೊಚ್ಚಿ ಬಿತ್ತು. ಪ್ರಭಾಕರನ್ ಸತ್ತದ್ದು ಮೇ ತಿಂಗಳಲ್ಲಿ, ಕಡಲಂಚಿನ ಒಂದು ತುಂಡು ನೆಲ ಉಳಿದಿದ್ದಾಗ. ಸಂಘಟನೆ ಮೊದಲು ಸೋತಿತು, ನಾಯಕ ಆಮೇಲೆ ಸತ್ತ.

ದೂರದ ಉದಾಹರಣೆ ಬೇಡ ಅಂದರೆ ನಮ್ಮ ಮಲೆನಾಡೇ ಇದೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರಿನ ಬಾಳಿಗೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಹತನಾದ. ನಾಲ್ಕೇ ದಿನಕ್ಕೆ, ಫೆಬ್ರುವರಿ 10ರ ರಾತ್ರಿ, ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ಪೊಲೀಸರನ್ನು ಮಾವೋವಾದಿಗಳು ಗುಂಡಿಟ್ಟು ಕೊಂದರು. ಆಮೇಲೂ ವರ್ಷಗಟ್ಟಲೆ ಮಲೆನಾಡಿನ ಕಾಡಿನಲ್ಲಿ ಕೂಂಬಿಂಗ್ ನಿಲ್ಲಲಿಲ್ಲ.

ಇನ್ನು 2024ರ ನವೆಂಬರ್ 18. ಹೆಬ್ರಿ ತಾಲ್ಲೂಕು ಕಬ್ಬಿನಾಲೆಯ ಪೀತಬೈಲಿನಲ್ಲಿ ಮಾವೋವಾದಿ ನಾಯಕ ವಿಕ್ರಂ ಗೌಡ ಹತನಾದ. ಈ ಸಲ ಸೇಡಿನ ದಾಳಿ ಆಗಲಿಲ್ಲ. ಎರಡು ತಿಂಗಳೂ ತುಂಬಿರಲಿಲ್ಲ, ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಮಾವೋವಾದಿಗಳು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳ ಮುಂದೆ ಶರಣಾದರು. ಫೆಬ್ರುವರಿ ಶುರುವಿನಲ್ಲಿ ಕೋಟೆಹೊಂಡ ರವೀಂದ್ರ, ತೊಂಬಟ್ಟು ಲಕ್ಷ್ಮಿ ಕೂಡ ಬಂದರು.

ಅದೇ ರಾಜ್ಯ, ಅದೇ ಪಶ್ಚಿಮ ಘಟ್ಟ. ಒಂದು ಸಾವಿನ ಹಿಂದೆ ದಾಳಿ, ಇನ್ನೊಂದರ ಹಿಂದೆ ಶರಣಾಗತಿ. 2005ರ ಹೊತ್ತಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯ ಹಾಡಿಗಳಲ್ಲಿ ಬಿಸಿಯಾಗಿತ್ತು, ಓದಿದ ಹುಡುಗ ಹುಡುಗಿಯರು ಕಾಡು ಸೇರುತ್ತಿದ್ದರು. 2024ಕ್ಕೆ ಉಳಿದವರು ಬೆರಳೆಣಿಕೆಯಷ್ಟು ಜನ. ಹೊಸಬರಿಲ್ಲ, ವಯಸ್ಸಾಗಿದೆ, ಸರ್ಕಾರದ ಶರಣಾಗತಿ ಯೋಜನೆ ಇದೆ, ನಡುವೆ ನಿಂತು ಮಾತಾಡಲು ನಾಗರಿಕ ಮುಖಂಡರಿದ್ದಾರೆ. ವಿಕ್ರಂ ಗೌಡನ ಸಾವು ಆ ಬಾಗಿಲನ್ನು ಜೋರಾಗಿ ತಳ್ಳಿತು, ನಿಜ. ಆದರೆ ಬಾಗಿಲು ಮೊದಲೇ ಅರ್ಧ ತೆರೆದಿತ್ತು.

ಅಂಕಿ ಬೇಕು ಅನ್ನುವವರಿಗೆ ಒಂದು ಹೇಳುತ್ತೇನೆ. ಅಮೆರಿಕದ ರ‍್ಯಾಂಡ್ ಸಂಸ್ಥೆ 1968ರಿಂದ 2006ರವರೆಗಿನ 648 ಗುಂಪುಗಳನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಕೊಟ್ಟಿತು. ಕೊನೆಗೊಂಡ ಗುಂಪುಗಳಲ್ಲಿ ಶೇ 43 ರಾಜಕೀಯಕ್ಕೆ ಬಂದು ಮುಗಿದವು. ಶೇ 40 ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ ಮುಗಿದವು. ಬರೀ ಸೇನಾಬಲದಿಂದ ಮುಗಿದದ್ದು ಶೇ 7.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ನನಗಂತೂ ಅದೇ ಜಾಸ್ತಿ ಮುಖ್ಯ: ನಾಯಕ ಜೀವಂತ ಸಿಕ್ಕರೆ? ಪೆರು ದೇಶದ ಮಾವೋವಾದಿ ಸಂಘಟನೆ 'ಶೈನಿಂಗ್ ಪಾತ್' ಕಟ್ಟಿದ ಗುಜ್ಮಾನ್‌ನನ್ನು 1992ರ ಸೆಪ್ಟೆಂಬರ್ 12ರಂದು ಲಿಮಾ ನಗರದಲ್ಲಿ ಹಿಡಿದರು. ಕೆಳಗೆ ಡ್ಯಾನ್ಸ್ ಕ್ಲಾಸು, ಮೇಲೆ ಅವನು. ಪೊಲೀಸರು ಆ ಮನೆಯಿಂದ ಹೊರಬೀಳುವ ಕಸವನ್ನು ದಿನಾ ಹೆಕ್ಕುತ್ತಿದ್ದರು. ಅದರಲ್ಲಿ ಸೋರಿಯಾಸಿಸ್ ಔಷಧದ ಟ್ಯೂಬುಗಳು ಸಿಕ್ಕವು. ಅವನಿಗೆ ಆ ಚರ್ಮರೋಗ ಇತ್ತು. ಹಾಗೆ ಗೊತ್ತಾಯಿತು. ಮರುವರ್ಷ ಅವನೇ ಜೈಲಿನಿಂದ ಶಾಂತಿ ಮಾತುಕತೆಗೆ ಪತ್ರ ಬರೆದ. ಸಂಘಟನೆ ಒಡೆದು ಕುಸಿಯಿತು. ಸತ್ತಿದ್ದರೆ ಹುತಾತ್ಮನ ಫೋಟೊ ಆಗುತ್ತಿದ್ದ, ಅಂಥ ಪತ್ರ ಬರೆಯುತ್ತಿರಲಿಲ್ಲ.

ನಮ್ಮಲ್ಲೂ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಇಬ್ಬರೂ ಮಾವೋವಾದಿ ನಾಯಕರು. ಅಣ್ಣ ಕಿಶನ್‌ಜಿ 2011ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದಲ್ಲಿ ಹತನಾದ. ಬಂಗಾಳದಲ್ಲಿ ಸದ್ದಡಗಿತು, ಆದರೆ 2013ರ ಮೇನಲ್ಲಿ ಬಸ್ತರಿನ ಝೀರಂ ಘಾಟಿಯಲ್ಲಿ ಕಾಂಗ್ರೆಸ್ ನಾಯಕರ ವಾಹನಗಳ ಮೇಲೆ ಘೋರ ದಾಳಿ ಆಯಿತು. ತಮ್ಮ ಮಲ್ಲೋಜುಲ ವೇಣುಗೋಪಾಲ್ ರಾವ್ 2025ರ ಅಕ್ಟೋಬರ್‌ನಲ್ಲಿ ಗಡ್ಚಿರೋಲಿಯಲ್ಲಿ ಸುಮಾರು 60 ಜನರ ಜೊತೆ ಬಂದೂಕು ಕೆಳಗಿಟ್ಟ. ಅದೇ ವಾರ ಜಗದಲ್ಪುರದಲ್ಲಿ ಇನ್ನೂ 210 ಮಂದಿ ಶರಣಾದರು.