ಚೀಲಕ್ಕೆ ಉಸಿರು ಊದಿದರೆ ಲಿವರ್ ಬಗ್ಗೆ ಏನು ಗೊತ್ತಾಗುತ್ತೆ?

ಪ್ರಶ್ನೆ: ನನಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದೆ. ಈ ಸಲ ಎಸ್‌ಜಿಪಿಟಿ ನಾರ್ಮಲ್ ಬಂದಿದೆ. ಆದರೂ ಡಾಕ್ಟರು ಉಸಿರಿನ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ರಕ್ತದಲ್ಲಿ ಕಾಣದ್ದು ಉಸಿರಲ್ಲಿ ಏನು ಕಾಣುತ್ತೆ?

ಎಸ್‌ಜಿಪಿಟಿ ಲಿವರ್ ಕೋಶಗಳ ಒಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತದೆ. ಅಂದರೆ ಅದು ಪೆಟ್ಟಿನ ಸುದ್ದಿ ಹೇಳುತ್ತದೆಯೇ ಹೊರತು ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಸಿರೋಸಿಸ್ ಮುಂದುವರಿದಾಗ ಸೋರಲು ಕೋಶಗಳೇ ಕಡಿಮೆ ಉಳಿದಿರಬಹುದು. ಆಗಲೂ ರಿಪೋರ್ಟ್ ನಾರ್ಮಲ್ಲೇ! ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬುದರ ಅಳತೆ) ಲಿವರ್‌ನ ಕೆಲಸದ ಬಗ್ಗೆ ಹೇಳುತ್ತವೆ, ನಿಜ. ಆದರೆ ರಕ್ತದಲ್ಲಿರುವ ಆಲ್ಬುಮಿನ್ ಅರ್ಧಕ್ಕೆ ಇಳಿಯಲು ಸುಮಾರು 20 ದಿನ ಬೇಕು. ಹಾಗಾಗಿ ಅದರಲ್ಲಿ ಕಾಣುವುದು ಸ್ವಲ್ಪ ಹಳೆಯ ಸಮಾಚಾರ.

ಉಸಿರಿನ ಪರೀಕ್ಷೆಯಲ್ಲಿ ಲಿವರ್‌ಗೆ ಒಂದು ಕೆಲಸ ಕೊಟ್ಟು, ಎಷ್ಟು ಬೇಗ ಮುಗಿಸುತ್ತದೆ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಕೊಡುವುದು ಮೆಥಾಸಿಟಿನ್ ಎಂಬ ಔಷಧಿ. ಅದರಲ್ಲಿ ಗುರುತಿಗೆಂದು ಕಾರ್ಬನ್-13 ಸೇರಿಸಿರುತ್ತಾರೆ. ಇದು ಮಾಮೂಲಿ ಕಾರ್ಬನ್‌ಗಿಂತ ಕೊಂಚ ಭಾರ, ಅಷ್ಟೇ, ವಿಕಿರಣದ ಭಯವಿಲ್ಲ. ಲಿವರ್‌ನ ಸಿವೈಪಿ1ಎ2 ಎಂಬ ಕಿಣ್ವ ಮೆಥಾಸಿಟಿನ್ ಅನ್ನು ಒಡೆದಾಗ ಒಂದು ಕಡೆ ಪ್ಯಾರಸಿಟಮಾಲ್ ಉಳಿಯುತ್ತದೆ. ಹೌದು, ಜ್ವರಕ್ಕೆ ನುಂಗುವ ಅದೇ! ಇನ್ನೊಂದು ಕಡೆ ಗುರುತಿನ ಕಾರ್ಬನ್ ಬಿಡುಗಡೆಯಾಗಿ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಉಸಿರಿನೊಂದಿಗೆ ಹೊರಬರುತ್ತದೆ. ಲಿವರ್ ಚುರುಕಾಗಿದ್ದರೆ ಬೇಗ, ಜಾಸ್ತಿ. ಸೋತಿದ್ದರೆ ನಿಧಾನ, ಕಡಿಮೆ.

ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿರಬೇಕು. ಔಷಧಿ ಕುಡಿಯುವ ಮುಂಚೆಯೇ ಒಂದು ಸಲ ಊದಿಸಿಕೊಳ್ಳುತ್ತಾರೆ. ಯಾಕಂದ್ರೆ ಪ್ರಕೃತಿಯಲ್ಲಿರುವ ಕಾರ್ಬನ್‌ನಲ್ಲೇ ಸುಮಾರು 1.1% ಕಾರ್ಬನ್-13 ಇರುತ್ತದೆ, ಅದನ್ನು ಕಳೆಯಬೇಕಲ್ವಾ? ಆಮೇಲೆ ಸಾಮಾನ್ಯವಾಗಿ 75 ಮಿಲಿಗ್ರಾಂ ಮೆಥಾಸಿಟಿನ್ ಕುಡಿಸಿ, ಆಗಾಗ ಊದಿಸುತ್ತಾರೆ. ಅಷ್ಟು ಹೊತ್ತು ಸುಮ್ನೆ ಕೂತಿರಬೇಕು. ಓಡಾಡಿದರೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಲೆಕ್ಕ ತಪ್ಪುತ್ತದೆ.

ಇದಕ್ಕೂ ಮಿತಿಗಳಿವೆ. ಕಾಯಿಲೆ ಯಾಕೆ ಬಂತು ಅಂತ ಇದು ಹೇಳುವುದಿಲ್ಲ. ಫೈಬ್ರೋಸಿಸ್ (ಲಿವರ್ ಕಲೆಗಟ್ಟುವುದು) ಈಗಷ್ಟೇ ಶುರುವಾಗಿದ್ದರೆ ಹಿಡಿಯುವುದರಲ್ಲೂ ಹಿಂದೆ. ನನ್ನ ಮಟ್ಟಿಗೆ, ಒಂದು ಸಲದ ಅಂಕಿಗಿಂತ ಅದೇ ವ್ಯಕ್ತಿಯ ಹಿಂದಿನ ಅಂಕಿಯ ಜೊತೆ ಹೋಲಿಸುವುದೇ ಹೆಚ್ಚು ಉಪಯುಕ್ತ.

ಮುಖ್ಯವಾಗಿ, ಸಿಗರೇಟು ಸೇದುತ್ತಿದ್ದರೆ ಮುಚ್ಚಿಡಬೇಡಿ. ಹೊಗೆ ಮೆಥಾಸಿಟಿನ್ ಒಡೆಯುವ ಆ ಕಿಣ್ವವನ್ನು ಚುರುಕು ಮಾಡುತ್ತದೆ, ಲಿವರ್ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು. ಸಿಪ್ರೋಫ್ಲಾಕ್ಸಾಸಿನ್, ಗರ್ಭನಿರೋಧಕ ಮಾತ್ರೆಗಳದು ಇದರ ಉಲ್ಟಾ. ಹಾಗಂತ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ಪಟ್ಟಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಪ್ಯಾರಸಿಟಮಾಲ್ ಅಲರ್ಜಿ ಇದ್ದರೆ ಅದನ್ನೂ ಮೊದಲೇ ಹೇಳಿ.