ಯುರೋಪಿಗೆ ಬೆಕ್ಕು ಬಂದಾಗ ಹೆಸರೂ ಜೊತೆಗೇ ಬಂತು

ಇಂಗ್ಲಿಷಿನಲ್ಲಿ ಕ್ಯಾಟ್, ಜರ್ಮನ್‌ನಲ್ಲಿ ಕಾಟ್ಸೆ, ಸ್ಪ್ಯಾನಿಷ್‌ನಲ್ಲಿ ಗಾತೊ, ರಷ್ಯನ್‌ನಲ್ಲಿ ಕೋತ್, ವೆಲ್ಶ್‌ನಲ್ಲಿ ಕಾಥ್. ಸುತ್ತಲಿನ ಯಾವ ಭಾಷೆಗೂ ನಂಟಿಲ್ಲದ ಬಾಸ್ಕ್‌ನಲ್ಲೂ ಕಾತು! ಭಾಷಾವಿಜ್ಞಾನದ ತರಗತಿಯಲ್ಲಿ ಈ ಪಟ್ಟಿ ಬರೆದರೆ ಹುಡುಗರು ತಕ್ಷಣ ಹೇಳುವುದು, "ಇವೆಲ್ಲ ಒಂದೇ ಮೂಲಭಾಷೆಯಿಂದ ಹುಟ್ಟಿದ ಪದಗಳು" ಅಂತ. ಇಲ್ಲ. ದೂರದೂರದ ಭಾಷೆಗಳ ಪದಗಳು ಇಷ್ಟೊಂದು ಹೋಲುತ್ತಿದ್ದರೆ ಮೊದಲು ಅನುಮಾನ ಪಡಬೇಕು. ಸಾವಿರಾರು ವರ್ಷ ಬೇರೆ ಬೇರೆಯಾಗಿ ಬೆಳೆದ ಪದಗಳು ಹೀಗೆ ಒಂದೇ ಥರ ಉಳಿಯುವುದಿಲ್ಲ. ಇವು ತಡವಾಗಿ ಎರವಲು ಹೋದ ಪದಗಳು.

ಯಾಕೆ ಅನ್ನುವುದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ. ಹಳಗನ್ನಡದ ಪುಲಿ ಹುಲಿಯಾಯಿತು, ಪಾಲ್ ಹಾಲಾಯಿತು. ಆದರೆ ಆಮೇಲೆ ಬಂದ ಪೊಲೀಸ್, ಪೆನ್ನುಗಳ ಪಕಾರ ಹಾಗೇ ಉಳಿಯಿತು. ನಾವು ಹೊಲೀಸ್ ಅನ್ನುವುದಿಲ್ಲ ಅಲ್ವಾ? ಬದಲಾವಣೆಯ ಕಾಲ ಗೊತ್ತಿದ್ದರೆ, ಅದಕ್ಕೆ ಸಿಗದ ಪದ ತಡವಾಗಿ ಬಂದದ್ದು ಅಂತ ಹೇಳಬಹುದು.

ಇಂಗ್ಲಿಷ್, ಜರ್ಮನ್ ಕುಟುಂಬದಲ್ಲೂ ಇಂಥದ್ದೇ ಒಂದು ಬದಲಾವಣೆ ಆಗಿದೆ. ಜರ್ಮನ್ ಭಾಷಾವಿಜ್ಞಾನಿ ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ವಿವರಿಸಿದರು. ಹಳೆಯ ಕಕಾರ ಅಲ್ಲಿ ಹಕಾರವಾಯಿತು, ಲ್ಯಾಟಿನ್‌ನಲ್ಲಿ ಹಾಗೇ ಉಳಿಯಿತು. ಲ್ಯಾಟಿನ್‌ನ ಕೊರ್ನು ಇಂಗ್ಲಿಷಿನಲ್ಲಿ ಹಾರ್ನ್. ಕೆಂಟುಮ್‌ಗೆ ಹಂಡ್ರೆಡ್. ನಾಯಿಗೆ ಲ್ಯಾಟಿನ್‌ನಲ್ಲಿ ಕಾನಿಸ್, ಇಂಗ್ಲಿಷಿನಲ್ಲಿ ಹೌಂಡ್. ನಾಯಿ ಮೊದಲಿನಿಂದಲೂ ಜೊತೆಗಿತ್ತು, ಹಾಗಾಗಿ ಅದರ ಹೆಸರೂ ಬದಲಾಯಿತು. ಕ್ಯಾಟ್ ಮಾತ್ರ ಕಕಾರ ಬಿಟ್ಟಿಲ್ಲ. ಅಂದರೆ ಕ್ರಿಸ್ತಪೂರ್ವದಲ್ಲೇ ಮುಗಿದಿದ್ದ ಆ ಬದಲಾವಣೆಯ ನಂತರ ಬಂದ ಪದ ಅದು.

ಇನ್ನು ಜರ್ಮನ್ನಿನ ಕಾಟ್ಸೆ ನೋಡಿ. ಇಂಗ್ಲಿಷಿನ ಟೆನ್ ಜರ್ಮನ್‌ನಲ್ಲಿ ಟ್ಸೇನ್, ಸಾಲ್ಟ್ ಅಲ್ಲಿ ಸಾಲ್ಟ್ಸ್. ಟಕಾರ ಹೀಗೆ ಬದಲಾದದ್ದು ಸುಮಾರು 6ರಿಂದ 8ನೇ ಶತಮಾನದೊಳಗೆ. ಬೆಕ್ಕಿನ ಹೆಸರು ಇದಕ್ಕೆ ಸಿಕ್ಕಿಬಿದ್ದಿದೆ. ಹಾಗಾದರೆ ಅಷ್ಟು ಹೊತ್ತಿಗೆ ಅದು ಅಲ್ಲಿತ್ತು. ಒಂದೂ ದಾಖಲೆ ತೆರೆಯದೆ, ಬರೀ ಎರಡು ವ್ಯಂಜನ ಹಿಡಿದು ನಾವು ರೋಮನ್ನರ ಕಾಲದ ಆಸುಪಾಸಿಗೆ ಬಂದೆವು. ಭಾಷಾವಿಜ್ಞಾನದಲ್ಲಿ ನನಗೆ ಅತಿ ಇಷ್ಟವಾದ ಲೆಕ್ಕ ಇದು.

ದಾಖಲೆಗಳೂ ಇದನ್ನೇ ಹೇಳುತ್ತವೆ. ಹಳೆಯ ಗ್ರೀಕರು ಮನೆಯಲ್ಲಿ ಇಲಿ ಹಿಡಿಯಲು ನೆಚ್ಚಿಕೊಂಡಿದ್ದದ್ದು ಜಾಸ್ತಿ ವೀಸೆಲ್ ಜಾತಿಯ, ಮುಂಗುಸಿಯನ್ನು ಹೋಲುವ ಪುಟ್ಟ ಪ್ರಾಣಿಯನ್ನು. ಹಳೆಯ ಲ್ಯಾಟಿನ್‌ನ ಫೇಲೆಸ್ ಕೂಡ ಬರೀ ಬೆಕ್ಕಲ್ಲ, ಅಂಥ ಸಣ್ಣ ಬೇಟೆಪ್ರಾಣಿಗಳಿಗೂ ಅದೇ ಹೆಸರು. (ನಮ್ಮ ಬೆಕ್ಕಿನ ಹಳೆಯ ರೂಪ ಬೆರ್ಕು. ಅದರ ಒಡಹುಟ್ಟಾದ ಮಲಯಾಳಂ ಪದ ವೆರುಕ್ ಪುನುಗು ಬೆಕ್ಕಿನ ಹೆಸರು.) ಕೃಷಿಯ ಬಗ್ಗೆ ಬರೆದ ಪಲ್ಲಾಡಿಯಸ್ 4-5ನೇ ಶತಮಾನದವನು. ಆರ್ಟಿಚೋಕ್ ಜಾತಿಯ ಗಿಡದ ಪಾತಿಗಳನ್ನು ನೆಲ ಕೊರೆದು ಹಾಳು ಮಾಡುವ, ಇಲಿಯಂಥ ಮೋಲ್‌ಗಳ ಕಾಟಕ್ಕೆ, ತೋಟದಲ್ಲಿ ಕಾಟ್ಟುಸ್, ಅಂದರೆ ಬೆಕ್ಕು, ಬಿಡಿ ಅನ್ನುತ್ತಾನೆ. ಬಹಳ ಜನ ಪಳಗಿಸಿದ ವೀಸೆಲ್ ಇಟ್ಟುಕೊಳ್ಳುತ್ತಾರೆ ಅಂತಲೂ ಅಲ್ಲೇ ಸೇರಿಸುತ್ತಾನೆ. ಹಳೆಯ ಕೆಲಸಗಾರ, ಹೊಸ ಕೆಲಸಗಾರ ಒಂದೇ ತೋಟದಲ್ಲಿ! ಆಮೇಲೆ ಫೇಲೆಸ್ ಆಡುಮಾತಿನಿಂದ ಮರೆಯಾಯಿತು, ಕಾಟ್ಟುಸ್ ಉಳಿಯಿತು.

ಕಾಟ್ಟುಸ್ ಬಂದದ್ದೆಲ್ಲಿಂದ ಅನ್ನುವ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಚ್ಚಿನವರು ಉತ್ತರ ಆಫ್ರಿಕಾದ ಕಡೆ ನೋಡುತ್ತಾರೆ. ಅರಬ್ಬಿಯಲ್ಲಿ ಕಿತ್ತ್, ನೈಲ್ ದಂಡೆಯ ನೂಬಿಯನ್‌ನಲ್ಲಿ ಕದೀಸ್ ಇವೆ. ಆದರೆ ಯಾರು ಯಾರಿಂದ ಪಡೆದರು ಅನ್ನುವುದೇ ಜಗಳ. ಈಜಿಪ್ಟಿನವರು ಬೆಕ್ಕನ್ನು ಕರೆದದ್ದಂತೂ ಅದರ ಕೂಗಿನಿಂದಲೇ, ಮಿಯು ಅಂತ.

ಯುರೋಪೆಲ್ಲ ಈ ಪದಕ್ಕೆ ಒಲಿಯಲಿಲ್ಲ. ಸರ್ಬಿಯನ್ನರಿಗೆ ಅದು ಮಾಚ್ಕಾ. ಹಂಗೇರಿಯನ್ನರು ಸ್ಲಾವ್ ನೆರೆಯವರಿಂದ ಅದನ್ನೇ ಪಡೆದರು. ಲ್ಯಾಟಿನ್ನಿನ ಮಗಳೇ ಆದ ರೊಮೇನಿಯನ್‌ನಲ್ಲಿ ಬೆಕ್ಕು ಪಿಸಿಕ. ಬೆಕ್ಕನ್ನು "ಪಿಸ್ ಪಿಸ್" ಅಂತ ಕರೆಯುವ ದನಿಯೇ ಅಲ್ಲಿ ಹೆಸರಾಗಿ ನಿಂತಿದೆ.