ಕಡ್ಡಿ ನಾಲ್ಕಿದೆ, ನೆಟ್ ಯಾಕಿಲ್ಲ?

ಫೋನ್ ಎತ್ತಿದ ಕೂಡಲೇ ಕಿವಿಗೆ ಬೀಳುವ ಮಾತು ಒಂದೇ: "ಸಾರ್, ವೈಫೈ ಫುಲ್ ತೋರಿಸ್ತಿದೆ, ಆದ್ರೂ ನೆಟ್ ಬರ್ತಿಲ್ಲ." ಆ "ಆದ್ರೂ" ಇದೆಯಲ್ಲ, ಅದೇ ನನ್ನ ತಲೆನೋವು.

ಪರದೆಯ ಮೂಲೆಯಲ್ಲಿ ಕಾಣುವ ಕಡ್ಡಿಗಳು ಹೇಳುವುದು ಇಷ್ಟೇ: ನಿಮ್ಮ ಕಂಪ್ಯೂಟರಿಗೂ ನಿಮ್ಮದೇ ಮನೆಯ ರೌಟರಿಗೂ ನಡುವೆ ಸಿಗ್ನಲ್ ಹೇಗಿದೆ ಅಂತ. ರೌಟರಿನಿಂದಾಚೆಗೆ ಏನಾಗಿದೆಯೋ ಅವಕ್ಕೆ ಗೊತ್ತೇ ಇಲ್ಲ. ಬೀದಿಯಲ್ಲಿ ಕೇಬಲ್ ತುಂಡಾಗಿರಲಿ, ಬಿಲ್ ಕಟ್ಟದೆ ಲೈನ್ ನಿಂತಿರಲಿ, ಕಡ್ಡಿ ನಾಲ್ಕಕ್ಕೆ ನಾಲ್ಕೂ ನಿಂತಿರುತ್ತವೆ. ಇದನ್ನು ಎಷ್ಟು ಸಲ ಹೇಳಿದರೂ ಮರುದಿನ ಮತ್ತೆ ಅದೇ "ಆದ್ರೂ".

ನನ್ನ ಬಹಳ ಹಳೆಯ ಗಿರಾಕಿ ಒಬ್ಬರು ನಿವೃತ್ತ ಮೇಷ್ಟ್ರು. ಕಡ್ಡಿ ಎರಡೇ ಇದೆ ಎಂದು ಬೇಸರಪಟ್ಟು, ರೌಟರನ್ನು ಗೋಡೆಯಿಂದ ಬಿಚ್ಚಿ ತಂದು ಕಂಪ್ಯೂಟರ್ ಮೇಜಿನ ಮೇಲೇ ಇಟ್ಟುಕೊಂಡರು. ನಾಲ್ಕು ಕಡ್ಡಿ ಬಂತು, ನೆಟ್ ಹೋಯಿತು. ಹೋಗಿ ನೋಡಿದರೆ ಹಳದಿ ಫೈಬರ್ ತಂತಿ ಉದ್ದ ಸಾಲದೆ ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕಾಗದ ಮಡಚಿದ ಹಾಗೆ ಮಡಚಿಕೊಂಡಿದೆ, ಮೇಲೆ ಅಚ್ಚುಕಟ್ಟಾಗಿ ಟೇಪು ಬೇರೆ! ಅದರೊಳಗಿರುವುದು ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ತಂತಿ ಜೋರಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಡಬ್ಬಿಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕುತ್ತಿತ್ತು. ಬೆಳಕು ಬಂದು ತಲುಪುತ್ತಿಲ್ಲ ಅಂತ ಅದರ ಅರ್ಥ. ಮೇಷ್ಟ್ರು ಅದರ ಮೇಲೊಂದು ಕರವಸ್ತ್ರ ಮುಚ್ಚಿದ್ದರು, ರಾತ್ರಿ ಕಣ್ಣಿಗೆ ಚುಚ್ಚುತ್ತದಂತೆ. ಫೈಬರನ್ನು ಬಳೆಗಿಂತ ಸಣ್ಣ ಸುತ್ತಿಗೆ ಬಗ್ಗಿಸಬೇಡಿ. ಕಿತ್ತು ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಬೇಡವೇ ಬೇಡ.

ಹಾಗಾದರೆ ನೋಡಬೇಕಾದ್ದೇನು? ವಿಂಡೋಸ್‌ನಲ್ಲಿ ಆದೇಶ ಟೈಪಿಸುವ ಕಪ್ಪು ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೌಟರಿಗೆ ಪಿಂಗ್ ಮಾಡಿ, ಅಂದರೆ ping ಎಂದು ಬರೆದು ಮುಂದೆ ಅದರ ವಿಳಾಸ ಹಾಕಿ "ಇದ್ದೀಯಾ?" ಎಂದು ಕೂಗಿ ನೋಡಿ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಬೇರೆಯೂ ಇರಬಹುದು, ಅಲ್ಲೇ ipconfig ಎಂದು ಬರೆದರೆ ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಸಿಗುತ್ತದೆ. ಉತ್ತರ ಬಂತೋ, ಕಂಪ್ಯೂಟರಿನಿಂದ ರೌಟರಿನವರೆಗೆ ಎಲ್ಲ ಸರಿ. ಆಮೇಲೆ ಹೊರಗಿನ ಗೂಗಲ್ ಸರ್ವರಿನ ವಿಳಾಸ 8.8.8.8ಕ್ಕೆ ಪಿಂಗ್ ಮಾಡಿ. ಅದೂ ಉತ್ತರಿಸಿ ಬ್ರೌಸರಿನಲ್ಲಿ ಮಾತ್ರ ಪುಟ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೈಕೊಟ್ಟಿದೆ ಎಂದು ನನ್ನ ಮೊದಲ ಅನುಮಾನ. ರೌಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ತೊಂದರೆ ಬಹುಶಃ ರೌಟರಿನಿಂದಾಚೆಗಿನದು. ಬಹುಶಃ ಎನ್ನುತ್ತೇನೆ, ಯಾಕೆಂದರೆ ಕೆಲವು ಕಡೆ ಪಿಂಗನ್ನೇ ತಡೆದಿರುತ್ತಾರೆ. ಇನ್ನು ನಿಮ್ಮ ಕಂಪ್ಯೂಟರಿನ ವಿಳಾಸವೇ 169.254 ಎಂದು ಶುರುವಾಗಿದ್ದರೆ ರೌಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ. ಆಗ ನೆಟ್ ಕಂಪನಿಯವರಿಗೆ ಬೈಯುವುದು ವ್ಯರ್ಥ.

ಕಂಪ್ಯೂಟರಿನ ತಾರೀಖು ತಪ್ಪಾಗಿದ್ದರೂ ಅನೇಕ ಸೈಟುಗಳು ತೆರೆಯುವುದಿಲ್ಲ, ಹಳೆಯ ಕಂಪ್ಯೂಟರಾದರೆ ಅದನ್ನೂ ಒಮ್ಮೆ ನೋಡಿ.

ಇನ್ನೊಂದು ಮಾತು, ಕೋಪದಿಂದಲೇ ಹೇಳುತ್ತೇನೆ. ರೌಟರ್ ರೀಸ್ಟಾರ್ಟ್ ಮಾಡಿ ಅಂದರೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ ಅಂತ. ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಅಂತಲ್ಲ. ಅದು ರೀಸೆಟ್. ಹತ್ತು ಸೆಕೆಂಡು ಒತ್ತಿ ಹಿಡಿದರೆ ಒಳಗಿದ್ದ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ, ಅನೇಕ ರೌಟರುಗಳಲ್ಲಿ ಕಂಪನಿ ಕೊಟ್ಟ ಯೂಸರ್‌ನೇಮ್ ಪಾಸ್‌ವರ್ಡ್ ಸಮೇತ. ಹಾಗೆ ಚುಚ್ಚಿದವರೂ ಆಮೇಲೆ ಫೋನ್ ಮಾಡಿ ಹೇಳುವುದು ಏನು ಗೊತ್ತೇ? "ಸಾರ್, ವೈಫೈ ಹೆಸರು ಅದೇನೋ ಬದಲಾಗಿದೆ, ಆದ್ರೂ ಕಡ್ಡಿ ಫುಲ್ ಇದೆ."